ಆಟದ ನಂತರದ ಸೋಪು
ಜರ್ಮನಿಯ ಫೊಯರ್‌ಬಾಕ್‌ನ ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣವನ್ನೂ ಪಂಚಾಂಗದಂತೆ ಓದಿ, ಮೊಟ್ಟೆಯಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಕೊಳ್ಳುವ ಉಡುಪಿಯ ವಾದಿರಾಜರು, ಭಾನುವಾರ ಬಂತೆಂದರೆ ಮೇಲ್ಮಹಡಿಯ ಮಂಗೋಲಿಯದ ಅಜ್ಜಿ ಓಯುನಾರ ಮನೆಯಲ್ಲಿ ಕುರಿಯ ಕಾಲಿನ ಗಿಣ್ಣೆಲುಬನ್ನು ದಾಳದಂತೆ ಉರುಳಿಸುವ ಆಟಕ್ಕೆ ಹಾಜರು. ಫೋನಿನಲ್ಲಿ ತಾಯಿ ವಿಚಾರಿಸಿದರೆ, "ನಮ್ಮ ಚೆನ್ನೆಮಣೆ ಉಂಟಲ್ಲ ಅಮ್ಮ, ಹಾಗೇ ಒಂದು" ಎಂದು ಮಾತು ತೇಲಿಸುವರು. ಎಲುಬಿನ ನಾಲ್ಕು ಮಗ್ಗುಲಿಗೂ ಒಂದೊಂದು ಪ್ರಾಣಿಯ ಹೆಸರು. ಕುದುರೆ ಬಿದ್ದರೆ ಅವರು ಹಾಕುವ ಕೇಕೆಗೆ ಬೀದಿಯ ಟ್ರಾಮ್ ನಿಲ್ಲಬೇಕು. ಆಟ ಮುಗಿದೊಡನೆ ಮಾತ್ರ ಮೈಲಿಗೆಯೆಂದು ನಲ್ಲಿಗೆ ಓಡಿ, ಮೊಣಕೈವರೆಗೆ ಮೂರು ಸಲ ಸೋಪು ಹಚ್ಚುವರು. ಮೊನ್ನೆ ತಿರುಗಿ ನೋಡಿದರೆ, ಅಜ್ಜಿಯೂ ಅಂಗಿಯ ತೋಳು ಮಡಚಿಕೊಂಡು ಹಿಂದೆ ನಿಂತಿದ್ದರು. "ಸತ್ತ ಕುರಿಗೂ ಎಷ್ಟು ಮರ್ಯಾದೆ ಕೊಡ್ತೀರಿ! ನೋಡಿ, ನಾನೂ ಕಲಿತೆ" ಎಂದು ಜರ್ಮನ್‌ನಲ್ಲಿ ಹೇಳಿ ಟವೆಲ್ ಚಾಚಿದರು. ವಾದಿರಾಜರು ಒದ್ದೆ ಕೈ ಒರೆಸುವುದು ಬಿಟ್ಟು, ಆ ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡರು.