ಎರಡನೇ ಬಾಟಲಿಯ ಲೆಕ್ಕ ಕೇಳುವ ಆಯಾ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಕರುಳು ಪರೀಕ್ಷೆ ವಿಭಾಗದ ನೆಲ ಇನ್ನೂ ಆರಿಲ್ಲ. ಶೌಚಾಲಯದ ಬಾಗಿಲಲ್ಲಿ ಆಯಾ ಟಾರ್ಚ್ ಹಿಡಿದು ನಿಂತಿದ್ದಾರೆ. ಒಳಗಿರುವವರು ಎಪ್ಪತ್ತೊಂದು ವರ್ಷದ ನಿವೃತ್ತ ಬಸ್ ಡ್ರೈವರ್.

“ನೀರು ಹಾಕ್ಬೇಡಿ ಯಜಮಾನ್ರೇ, ನಾನು ನೋಡ್ಬೇಕು.”

“ನೋಡೋಕೆ ಅದೇನು ಸಿನಿಮಾನಾ?”

“ನಂಗೆ ದಿನಾ ಎಂಟು ಆಟ. ಸ್ವಲ್ಪ ಸರೀರಿ.”

ಬಗ್ಗಿ ನೋಡಿದ ಆಯಾ ಮುಖದ ನಗು ಇಳಿಯುತ್ತದೆ. ಭೇದಿ ಔಷಧಿಯ ಎರಡೂ ಬಾಟಲಿ ಕುಡಿದು ಕರುಳು ತೊಳೆದಿದ್ದರೆ ತಿಳಿ ಹಳದಿ ನೀರು ಬರಬೇಕು. ಬಂದಿರುವುದು ಕಂದು ಬಗ್ಗಡ. ಇಂಥ ಕರುಳಿಗೆ ಕ್ಯಾಮೆರಾದ ಕೊಳವೆ ಹಾಕಿದರೆ, ಗೆಡ್ಡೆಯಿದ್ದರೂ ಡಾಕ್ಟರ ಕಣ್ಣಿಗೆ ಮಣ್ಣೇ. ವಾಪಸ್ ಕಳಿಸಿದರೆ ಮುಂದಿನ ಸರದಿ ಆರು ವಾರಕ್ಕೆ. ನಾಲ್ಕು ತಿಂಗಳಿಂದ ರಕ್ತ ಹೋಗುತ್ತಿದ್ದರೂ ಮೂಲವ್ಯಾಧಿಯೆಂದು ಮುಲಾಮು ಹಚ್ಚಿಕೊಂಡು ಕೂತವರು ಇವರು. ಮಗಳ ಹಠಕ್ಕೆ ಬಂದಿದ್ದಾರೆ. ಇನ್ನೊಮ್ಮೆ ಬರುವುದಿಲ್ಲವೆಂದು ಆಗಲೇ ಹೇಳಿಯಾಗಿದೆ.

“ಎರಡನೇ ಬಾಟಲಿ ಕುಡಿದ್ರಾ?”

“ಓ, ಕುಡಿದೆ.”

“ಮೊದಲನೇದಕ್ಕಿಂತ ಸಿಹಿ ಇತ್ತಲ್ವಾ?”

“ಹ್ಞೂಂ, ಅದೇ ವಾಸಿ.”

ಎರಡಕ್ಕೂ ಒಂದೇ ಉಪ್ಪುಪ್ಪು ರುಚಿ. ಮೊದಲ ಬಾಟಲಿಗೇ ನಾಲ್ಕು ಸಲ ಓಡಿದ ಹಿರಿಯರು, ಹೊಟ್ಟೆ ಖಾಲಿಯಾಯಿತೆಂದು ಎರಡನೆಯದನ್ನು ಬಚ್ಚಲಿಗೆ ಸುರಿದುಬಿಡುವುದು ಹತ್ತೊಂಬತ್ತು ವರ್ಷದಲ್ಲಿ ಆಯಾಗೆ ಬಾಯಿಪಾಠವಾಗಿದೆ. ಬೈದರೆ ಯಾರೂ ಬಾಯಿ ಬಿಡುವುದಿಲ್ಲ.

“ಅಪ್ಪಾ, ಸುಳ್ಳಾ!” ಬಾಗಿಲಾಚೆ ನಿಂತಿದ್ದ ಮಗಳು ಒಳಗೆ ಇಣುಕುತ್ತಾಳೆ.

ಇವತ್ತಿನ ಪಟ್ಟಿಯಿಂದ ಹೆಸರು ಹೊಡೆದುಹಾಕಲು ನರ್ಸ್ ಪೆನ್ನು ತೆಗೆಯುತ್ತಾರೆ. ಆಯಾ ಪಟ್ಟಿಯ ಮೇಲೆ ಕೈಯಿಡುತ್ತಾರೆ. “ಹೊಡೀಬೇಡಿ ಸಿಸ್ಟರ್. ಕೊನೇಲಿ ಹಾಕಿ. ಡಾಕ್ಟರ್ ಹತ್ರ ನಾನು ಮಾತಾಡ್ತೀನಿ.”

ಇನ್ನೊಂದು ಬಾಟಲಿ ಇಲ್ಲೇ ಕುಡಿಸಲು ಡಾಕ್ಟರ್ ಒಪ್ಪುತ್ತಾರೆ: ಕುಡಿಯುವುದು ಒಂಬತ್ತಕ್ಕೆ ಮುಗಿಯಬೇಕು, ಹನ್ನೆರಡಕ್ಕೆ ನೀರು ತಿಳಿಯಾಗಿರಬೇಕು. ಇಲ್ಲದಿದ್ದರೆ ಮನೆಗೆ.

ಕಾಲು ಗಂಟೆಗೊಂದು ಲೋಟ. ಐದನೆಯದಕ್ಕೆ ಡ್ರೈವರ್ ಮುಖ ತಿರುಗಿಸುತ್ತಾರೆ. ಆಯಾ ಲೋಟ ಹಿಡಿದೇ ಪಕ್ಕದಲ್ಲಿ ಕೂರುತ್ತಾರೆ. “ನಮ್ಮತ್ತೆ ಒಂದು ವರ್ಷ ರಕ್ತ ಮುಚ್ಚಿಟ್ರು. ಸೀರೆ ತಾವೇ ಒಗ್ಕೊಳ್ಳೋರು. ಸೊಸೆಗೆ ಹೇಳೋಕೆ ನಾಚಿಕೆ. ನಂಗೆ ಗೊತ್ತಾಗೋ ಹೊತ್ತಿಗೆ ಕೈಮೀರಿತ್ತು.”

ಡ್ರೈವರ್ ಲೋಟ ತೆಗೆದುಕೊಳ್ಳುತ್ತಾರೆ.

ಹತ್ತಕ್ಕೆ ಬಗ್ಗಡ. ಹನ್ನೊಂದಕ್ಕೆ ಮಸುಕು. ಮಗಳು ಗಡಿಯಾರ ಬಿಟ್ಟು ಬೇರೇನೂ ನೋಡುತ್ತಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಆಯಾ ಟಾರ್ಚ್ ಆರಿಸುತ್ತಾರೆ. “ತಳ ಕಾಣ್ತಿದೆ. ಕರ್ಕೊಂಡು ಹೋಗಿ.”

ಕರುಳಿನ ಮಡಿಕೆಯ ಹಿಂದೆ ಅಡಗಿದ್ದ ಗೆಡ್ಡೆ ಸಿಗುತ್ತದೆ. ತುಣುಕು ಪರೀಕ್ಷೆಗೆ ಹೋಗುತ್ತದೆ. ಕ್ಯಾನ್ಸರಿನ ಅನುಮಾನವಿದೆ, ಆದರೆ ಚಿಕ್ಕದು, ತೆಗೆಯಬಹುದು ಎನ್ನುತ್ತಾರೆ ಡಾಕ್ಟರ್. ಮಗಳು ಗೋಡೆಗೆ ಒರಗಿ ಅಳುತ್ತಾಳೆ.

ಮಂಪರಿನಿಂದ ಎದ್ದ ಡ್ರೈವರ್ ಆಯಾ ಕಡೆ ಬೆರಳು ಮಾಡುತ್ತಾರೆ. “ನಿನ್ನ ಕೈಲಿ ಸಿಕ್ಕಿಬಿದ್ದೆ ಕಣಮ್ಮ.”

“ನೀವೆಲ್ಲಿ ಯಜಮಾನ್ರೇ,” ಆಯಾ ಹೊದಿಕೆ ಸರಿಮಾಡುತ್ತಾರೆ, “ಸಿಕ್ಕಿಬಿದ್ದಿದ್ದು ಅದು.”