ಕಲ್ಲಿದ್ದಲ ಊರಿನ ಡಾಕ್ಟರ್ ಆಂಟಿ

ಎದುರಿಗಿದ್ದವರು ಮಾತಾಡುವಾಗ ಡಾಕ್ಟರ್ ಆಂಟಿ ತಲೆಯನ್ನು ಎಡಕ್ಕೆ ವಾಲಿಸಿ ಕಣ್ಣು ಮುಚ್ಚಿಬಿಡುತ್ತಿದ್ದರು. ನಿದ್ದೆ ಬಂತೇನೋ ಎಂದು ನಾನು ಮಾತು ನಿಲ್ಲಿಸಿದರೆ, "ಹೇಳಮ್ಮ. ನಾನು ನಿನ್ನ ಉಸಿರು ಕೇಳ್ತಿದೀನಿ, ಹಳೇ ಚಾಳಿ" ಎನ್ನುತ್ತಿದ್ದರು.

ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಅವರದು ನಮ್ಮ ಪಕ್ಕದ ಮನೆ; ಗಂಡ ತೀರಿಹೋದ ಮೇಲೆ ಒಬ್ಬರೇ ಇದ್ದರು. ಹುಟ್ಟಿದ್ದು ಮೈಸೂರಿನಲ್ಲಿ. ಮದುವೆಯಾದ ಹೊಸದರಲ್ಲಿ ಅಮೆರಿಕಕ್ಕೆ ಬಂದಾಗ ಕೆಲಸ ಸಿಕ್ಕಿದ್ದು ವೆಸ್ಟ್ ವರ್ಜೀನಿಯಾದ ಬೆಟ್ಟಗಳ ನಡುವಿನ ಒಂದು ಗಣಿ ಊರಿನ ಸಣ್ಣ ಕ್ಲಿನಿಕ್ಕಿನಲ್ಲಿ. ಊರಿಗೆ ಒಂದೇ ಬೀದಿ, ಒಂದು ಚರ್ಚು, ಕಂಪನಿ ಕಟ್ಟಿಸಿದ ಒಂದೇ ಥರದ ಮನೆಗಳು. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕಲ್ಲಿದ್ದಲ ಮಸಿ ಕೂರುತ್ತಿತ್ತಂತೆ.

ಅಲ್ಲಿ ಒಬ್ಬ ಗಣಿ ಕಾರ್ಮಿಕನ ಶ್ವಾಸಕೋಶ ಹಾಳಾದಾಗ, ಕಂಪನಿಯ ಡಾಕ್ಟರು ಸಿಗರೇಟಿನ ಮೇಲೆ ತಪ್ಪು ಹೊರಿಸಿದರು. ಪರಿಹಾರದ ವಿಚಾರಣೆಯಲ್ಲಿ ಆಂಟಿ ಅದು ಕಲ್ಲಿದ್ದಲ ಧೂಳಿನ ರೋಗವೆಂದು ಸಾಕ್ಷಿ ಹೇಳಿದರು. ಹೀಗೆ ಪರಿಹಾರ ಕೊಡಬೇಕಾಗಿ ಬಂದರೆ ಕಂಪನಿಯವರು ಗಣಿಯನ್ನೇ ಮುಚ್ಚುತ್ತಾರೆ ಎಂಬ ಸುದ್ದಿ ಹಬ್ಬಿತು. ಹೆದರಿದ ಜನ ಆಂಟಿಯ ಕ್ಲಿನಿಕ್ಕಿಗೆ ಬರುವುದನ್ನೇ ಬಿಟ್ಟರು.

"ಇಡೀ ಚಳಿಗಾಲ ಕ್ಲಿನಿಕ್ಕು ಖಾಲಿ. ನಮ್ಮನೆಯವ್ರು, ಹೋಗೋಣ ನಡಿ, ಬೇರೆಲ್ಲಾದ್ರೂ ಕೆಲಸ ಸಿಗತ್ತೆ ಅಂದ್ರು. ನಂಗೂ ಹೌದನ್ಸಿತ್ತು. ಆದ್ರೆ ಆ ಕಾರ್ಮಿಕನ ಹೆಂಡ್ತಿ ದಿನಾ ಬೆಳಿಗ್ಗೆ ಬಂದು ಸ್ವೆಟರ್ ಹೆಣೀತಾ ಕೂತ್ಕೊಳ್ಳೋಳು. ಏನಮ್ಮ ತೊಂದ್ರೆ ಅಂತ ಕೇಳ್ದೆ. 'ಏನೂ ಇಲ್ಲ ಡಾಕ್ಟ್ರೇ, ಹೊರಗಿಂದ ನೋಡಿದವ್ರಿಗೆ ಒಳಗೆ ಯಾರೋ ಇದಾರೆ ಅಂತ ಕಾಣ್ಲಿ' ಅಂದ್ಲು."

ಹಿಮ ಕರಗುವ ಹೊತ್ತಿಗೆ ಜ್ವರದ ಮಗುವನ್ನೆತ್ತಿಕೊಂಡು ಒಬ್ಬಳು ತಾಯಿ ಬಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ವರ್ಷಗಳ ನಂತರ ಗಣಿ ಮುಚ್ಚಿ ಊರು ಖಾಲಿಯಾಗುವವರೆಗೂ ಆಂಟಿ ಅಲ್ಲೇ ಇದ್ದರು. ಆಮೇಲೆ ಮಗನಿಗೆ ಹತ್ತಿರವಾಗಲೆಂದು ಕ್ಯಾಲಿಫೋರ್ನಿಯಾಕ್ಕೆ ಬಂದರು.

ಚೆದುರಿಹೋದ ಆ ಊರಿನವರು ವರ್ಷಕ್ಕೊಮ್ಮೆ ಹಳೆಯ ಚರ್ಚಿನಲ್ಲಿ ಸೇರುತ್ತಿದ್ದರು. ಕೋವಿಡ್ ಬಂದ ವರ್ಷ ವಿಡಿಯೋ ಕಾಲ್‌ನಲ್ಲಿ ಸೇರಿದರು. ಆಂಟಿಗೆ ಲ್ಯಾಪ್‌ಟಾಪ್ ಸೆಟ್ ಮಾಡಿಕೊಡಲು ಮಾಸ್ಕ್ ಹಾಕಿಕೊಂಡು ನಾನು ಹೋಗಿದ್ದೆ. ಹುಡುಗರು ತಾವು ನೋಡದ ಅಜ್ಜಂದಿರ ಬಗ್ಗೆ ಕೇಳುತ್ತಿದ್ದರು. ಯಾರು ಚೆನ್ನಾಗಿ ಹಾಡುತ್ತಿದ್ದರು, ಯಾರ ಹಿತ್ತಲಲ್ಲಿ ಮೊದಲು ಟೊಮೇಟೊ ಹಣ್ಣಾಗುತ್ತಿತ್ತು, ಎಲ್ಲಕ್ಕೂ ಆಂಟಿಯೇ ಉತ್ತರ ಕೊಟ್ಟರು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡ ಮುದುಕಿಯೊಬ್ಬರು ಕಾಣಿಸಿದರು. ಸ್ವೆಟರ್ ಹೆಣೆಯುತ್ತ ಕೂರುತ್ತಿದ್ದಾಕೆ. ಆಂಟಿ ಪರದೆಯ ಹತ್ತಿರಕ್ಕೆ ಬಾಗಿದರು.

ಆಕೆ ಕೇಳಿದ್ದು ಇಷ್ಟೇ: "ಸರಿಯಾಗಿ ಊಟ ಮಾಡ್ತಿದೀರಾ ಡಾಕ್ಟ್ರೇ?"

ಆಂಟಿ ನನ್ನ ಕೈ ಹಿಡಿದು, "ನಮ್ಮೂರವ್ಳು ಕಣೇ" ಎಂದು ಅತ್ತುಬಿಟ್ಟರು. ಮೈಸೂರಿನ ಯಾರ ಬಗ್ಗೆಯೂ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಕೆಲವು ವರ್ಷಗಳ ನಂತರ ಆಂಟಿ ತೀರಿಕೊಂಡರು. ಎಲ್ ಸೆಗುಂಡೋದಲ್ಲಿದ್ದ ಮಗ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೋವಿಡ್ ಮುಗಿದರೂ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಆ ಕಾಲ್‌ನಲ್ಲಿ ಸುದ್ದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ವಯಸ್ಸಾದ ಒಬ್ಬರು ಟೋಪಿ ತೆಗೆದು ಕೇಳಿದರು:

"ಕೊನೇಲಿ ಒಬ್ರೇ ಇದ್ರಾ?"

"ಇಲ್ಲ, ನಾನು ಜೊತೆಗಿದ್ದೆ."

"ಹಾಗಾದ್ರೆ ಮುಂದಿನ ವರ್ಷಾನೂ ನೀನು ಬರ್ಬೇಕಮ್ಮ."

ತಪ್ಪಿಸದೆ ಸೇರುತ್ತೇನೆ. ಹುಡುಗರು ತಮ್ಮ ಅಜ್ಜಂದಿರ ಬಗ್ಗೆ ಕೇಳಿದರೆ, ಆಂಟಿ ಹೇಳಿದ್ದರಲ್ಲಿ ನೆನಪಿರುವಷ್ಟನ್ನು ಈಗ ನಾನು ಹೇಳುತ್ತೇನೆ, ಆ ಊರನ್ನು ಒಮ್ಮೆಯೂ ನೋಡದವಳು.