ಕಾಡಿಗೆಯ ಮೀಸೆ

ಚಿಕ್ಕಪ್ಪನ ಮೀಸೆಯ ಎಡತುದಿ ಬಲತುದಿಗಿಂತ ಕೂದಲೆಳೆಯಷ್ಟು ಮೇಲಿತ್ತು. ಯಾರಿಗೂ ಕಾಣದ ಆ ವ್ಯತ್ಯಾಸ ಅವನ ನೆಮ್ಮದಿ ಕೆಡಿಸಿತ್ತು. ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ ಅವನು, ದಾರಿಯಲ್ಲಿ ನಿಂತ ಸ್ಕೂಟರುಗಳ ಕನ್ನಡಿಗೂ ಬಗ್ಗಿ ನೋಡಿಕೊಳ್ಳುತ್ತಿದ್ದ. "ಸರಿ ಐತೇನವ್ವ?" ಎಂದು ನನ್ನನ್ನು ಕೇಳುತ್ತಿದ್ದ. ಹೂಂ ಎಂದರೆ ನಂಬುತ್ತಿರಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವನಿಗೆ ಹೊಸದುರ್ಗದಲ್ಲಿ ಹೆಣ್ಣು ನೋಡುವುದೆಂದಾಯಿತು. ಊರಿನ ಕ್ಷೌರಿಕನನ್ನು ಬಿಟ್ಟು ಚಿತ್ರದುರ್ಗದ ಹೊಸ ಸಲೂನಿಗೆ ಹೋದ. ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ ಎಂದು ತಾನೇ ಹೇಳಿ ಹೇಳಿ ಕತ್ತರಿ ಆಡಿಸಿ, ಕೊನೆಗೆ ಉಳಿದದ್ದನ್ನು ಬೋಳಿಸದೆ ದಾರಿಯಿರಲಿಲ್ಲವಂತೆ. ಹಲ್ಲುನೋವಿನವರ ಹಾಗೆ ಬಾಯಿಗೆ ಟವೆಲ್ ಒತ್ತಿಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಬಂದ.

ನಮ್ಮಲ್ಲಿ ಅಪ್ಪ ಬದುಕಿರುವ ಮಗ ಮೀಸೆ ತೆಗೆಸುವುದಿಲ್ಲ. ಅಪ್ಪ ತೀರಿಕೊಂಡಾಗ ಮಾತ್ರ ತೆಗೆಸುತ್ತಾರೆ. ನಡುಮನೆಯಲ್ಲಿ ಅಜ್ಜ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಚಿಕ್ಕಪ್ಪ ಕುಡಿಸದಿದ್ದರೆ ಔಷಧಿ ಕುಡಿಯುತ್ತಿರಲಿಲ್ಲ. ಈ ಮುಖ ಕಂಡರೆ ಅವರ ಎದೆ ಒಡೆಯುತ್ತದೆ ಎಂದು ಅವನು ಅಡುಗೆಮನೆಯಲ್ಲಿ ಕೂತುಬಿಟ್ಟ. ಅಮ್ಮ ಕಾಡಿಗೆ ಡಬ್ಬಿ ತಂದು ನನ್ನ ಕೈಗಿಟ್ಟಳು. ಮನೆಯಲ್ಲಿ ಚಿತ್ರ ಬರೆಯುವವಳು ನಾನೊಬ್ಬಳೇ.

ಎಂಟು ದಿನ, ಬೆಳಿಗ್ಗೆ ಸಂಜೆ, ಅವನು ನನ್ನೆದುರು ಮಂಡಿಯೂರಿ ಕಣ್ಣು ಮುಚ್ಚುತ್ತಿದ್ದ. ನಾನು ಬೆಂಕಿಕಡ್ಡಿಯಿಂದ ಮೀಸೆ ಬರೆಯುತ್ತಿದ್ದೆ. ಅವನು ಲೋಟ ಹಿಡಿದು ಒಳಗೆ ಹೋದಮೇಲೆ, ಅಜ್ಜನ ಎದೆ ಏರಿಳಿಯುತ್ತಿದೆಯೇ ಎಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಒಂಬತ್ತನೆಯ ದಿನ ಬೆವರಿಗೆ ಕಾಡಿಗೆ ಕರಗಿ ತುಟಿಗಿಳಿಯಿತು. ಅಜ್ಜ ಕೈಯೆತ್ತಿ ಪಂಚೆಯ ಅಂಚಿನಿಂದ ಒರೆಸಿದರು. ಚಿಕ್ಕಪ್ಪ ಲೋಟ ಕೆಳಗಿಟ್ಟ.

"ಮೊದಲ್ನೇ ದಿನಾನೇ ಗೊತ್ತಾತು ಕಣಲೇ," ಎಂದರು ಅಜ್ಜ. "ಹೆದರ್ಬ್ಯಾಡ. ಅದು ಬೆಳೆಯೋಗಂಟ ಇರ್ತೀನಿ."

ಚಿಕ್ಕಪ್ಪನ ಭಯ ಅಂದಿನಿಂದ ತಿರುಗಿಕೊಂಡಿತು; ಈಗ ಮೀಸೆ ಬೆಳೆದು ಮುಗಿಯುವುದೇ ಹೆದರಿಕೆ. ಮೀಸೆ ಚಿಗುರಿತು, ದಟ್ಟವಾಯಿತು, ತುಟಿ ಮುಚ್ಚಿತು. ಅವನು ಕತ್ತರಿ ಮುಟ್ಟಿಸಲಿಲ್ಲ; ಅದರ ಬಗ್ಗೆ ನನ್ನನ್ನು ಏನೂ ಕೇಳಲಿಲ್ಲ.

ಚಿಕ್ಕಪ್ಪ ಈಗಿಲ್ಲ. ಅವನನ್ನು ನೆನೆದಾಗ, ಮುಂದಕ್ಕೆ ಹೋಗಿದ್ದ ಹೆಣ್ಣು ನೋಡುವ ಶಾಸ್ತ್ರ ಕೊನೆಗೂ ನಡೆದ ದಿನ ಕಣ್ಣಿಗೆ ಬರುತ್ತದೆ. ಅಜ್ಜ ಆಗಿನ್ನೂ ಮನೆಯಲ್ಲಿ ಹಾಸಿಗೆಯಲ್ಲೇ ಇದ್ದರು. ಕಾಫಿಯಲ್ಲಿ ಮುಳುಗುತ್ತಿದ್ದ ಆ ಮೀಸೆಯನ್ನು ನೋಡಿ ಹೆಣ್ಣಿನ ಅಣ್ಣ, ಇಷ್ಟು ಬೆಳೆದದ್ದು ಸಾಲದೇ ಎಂದು ಹಾಸ್ಯ ಮಾಡಿದರು. ಎಲ್ಲರೂ ನಕ್ಕರು.

ಚಿಕ್ಕಪ್ಪ ನಗಲಿಲ್ಲ. "ಇನ್ನೂ ಬೆಳೀಬೇಕು ಕಣ್ರಿ," ಎಂದ.